ಟಿಸಿ ತೆಗೆದುಕೊಳ್ಳದ ವಾರಿಜಕ್ಕ

ಹಾಲಿನ ಸೊಸೈಟಿಯಲ್ಲಿ ಅಳೆಯಲು ವಾರಿಜಕ್ಕ ನಿಂತಿದ್ದಾಳೆಂದರೆ ಹಾಲಿಗೆ ನೀರು ಬೆರೆಸಿ ತಂದವರು ಬಾಗಿಲಲ್ಲೇ ತಡವರಿಸುತ್ತಾರೆ. ದೊಡ್ಡ ಮನೆಯ ಕ್ಯಾನೇ ಬರಲಿ, ಗುಡ್ಡೆಯ ಮೇಲಿನವರ ಚೊಂಬೇ ಬರಲಿ, ಅವಳಿಗೆ ಎರಡೂ ಒಂದೇ. "ಇವತ್ತು ನಿಮ್ಮ ದನ ಬಾವಿಗೆ ಬಿದ್ದಿತ್ತಾ ಧಣಿಗಳೇ?" ಎಂದು ಎಲ್ಲರೆದುರೇ ಕೇಳಿಬಿಡುತ್ತಾಳೆ. ಶಿರ್ತಾಡಿಯಿಂದ ಈಚೆಗೆ ನಮ್ಮ ಊರಿನಲ್ಲಿ ಅವಳನ್ನು ಮೆಚ್ಚುವವರೂ ಇದ್ದಾರೆ, ಅವಳಿಗೆ ಹೆದರುವವರೂ ಇದ್ದಾರೆ. ನಾನು ಎರಡೂ ಪಕ್ಷಕ್ಕೆ ಸೇರಿದವಳು.

ನನ್ನ ಹೆಸರು ಕಾಂತಿ. ಸೊಸೈಟಿಯ ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಪೇಟೆಯ ಪ್ರೌಢಶಾಲೆಯ ಸಮವಸ್ತ್ರಗಳೆಲ್ಲ ನನ್ನ ಮೆಷಿನ್ನಿನಿಂದಲೇ ಹೋಗುವುದು. ಶಾಲೆಯ ಹೆಸರು ಬೇಡ. ಅಂಥದ್ದೊಂದು ಶಾಲೆ ನಿಮ್ಮ ಊರಿನಲ್ಲೂ ಇದ್ದೀತು, ಅದರ ಹೆಸರನ್ನೇ ಹಾಕಿಕೊಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ಆ ಶಾಲೆಗೆ ಸತತ ಏಳು ವರ್ಷ ನೂರಕ್ಕೆ ನೂರು ಫಲಿತಾಂಶ. ಮೇ ತಿಂಗಳು ಬಂತೆಂದರೆ ಬಸ್ ಸ್ಟ್ಯಾಂಡಿನೆದುರು ಆಳೆತ್ತರದ ಫ್ಲೆಕ್ಸ್ ಏಳುತ್ತದೆ. ಗುರುವಾಯನಕೆರೆಯ ಕಡೆಯಿಂದಲೂ ಮಕ್ಕಳನ್ನು ಕರೆದುಕೊಂಡು ಜನ ಬರುತ್ತಾರೆ.

ಈ ನೂರು ಹೇಗೆ ಬರುತ್ತದೆ ಎಂಬುದು ಊರಿಗೆಲ್ಲ ಗೊತ್ತು, ಬಾಯಿ ಬಿಡುವವರು ಮಾತ್ರ ಯಾರೂ ಇಲ್ಲ. ಒಂಬತ್ತನೆಯ ತರಗತಿ ಮುಗಿದ ಕೂಡಲೇ ಹಿಂದುಳಿದ ಮಕ್ಕಳನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಾರೆ. ಅಪ್ಪ ಅಮ್ಮನನ್ನು ಕರೆಸಿ, ಕುರ್ಚಿ ಕೊಟ್ಟು, ಚಹಾ ಕೊಟ್ಟು, "ಇಲ್ಲಿ ಮಗುವಿಗೆ ಕಷ್ಟ ಆಗ್ತದೆ, ಬೇರೆ ಕಡೆ ಸೇರಿಸಿ" ಎನ್ನುತ್ತಾರೆ. ಆಮೇಲೆ ಒಂದು ಬಿಳಿ ಹಾಳೆ ಮುಂದಿಡುತ್ತಾರೆ. ಶಾಲೆ ದೂರವಾಗುತ್ತದೆ, ಆದ್ದರಿಂದ ನಾವೇ ಇಷ್ಟಪಟ್ಟು ಟಿಸಿ ಕೇಳುತ್ತಿದ್ದೇವೆ ಎಂದು ಹೆತ್ತವರು ತಮ್ಮ ಕೈಯಾರೆ ಬರೆದುಕೊಡಬೇಕು. ಎಲ್ಲರೂ ಬರೆದುಕೊಡುತ್ತಾರೆ. ಮನೆಗೆ ಬಂದು ನೆರೆಕರೆಗೂ ಅದೇ ಸುಳ್ಳು ಹೇಳುತ್ತಾರೆ. ನಮ್ಮವರ ಮರ್ಯಾದೆ ಅಂಥದ್ದು. ಮಗು ಸೋತದ್ದಕ್ಕಿಂತ, ಸೋತದ್ದು ನಾಲ್ಕು ಜನಕ್ಕೆ ತಿಳಿಯುವುದೇ ಅವರಿಗೆ ದೊಡ್ಡ ನೋವು. ನನಗೆ ಈ ಮರ್ಯಾದೆಯನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಹೋದ ವರ್ಷದ ಏಪ್ರಿಲಿನಲ್ಲಿ ವಾರಿಜಕ್ಕನಿಗೂ ಶಾಲೆಯಿಂದ ಕರೆ ಬಂತು. ಅವಳಿಗೆ ಒಬ್ಬಳೇ ಮಗಳು, ತೃಷಾ. ಭಾಷೆಗಳಲ್ಲಿ ಅಡ್ಡಿಯಿಲ್ಲ, ಸಮಾಜ ಪಾಠದಲ್ಲಿ ಚುರುಕು, ಗಣಿತ ಮಾತ್ರ ತಲೆಗೆ ಹತ್ತುವುದಿಲ್ಲ. ಅದೇ ದಿನ ನಾನು ಹೊಸ ವರ್ಷದ ಸಮವಸ್ತ್ರದ ಬಟ್ಟೆ ತೋರಿಸಲು ಹೆಡ್ಮಾಸ್ಟ್ರ ಕೋಣೆಯಲ್ಲೇ ಕುಳಿತಿದ್ದೆ. ಹೆಡ್ಮಾಸ್ಟ್ರು ಎಂದರೆ ವೃಷಭರಾಜ ಸರ್. ಕೆಟ್ಟವರೇನೂ ಅಲ್ಲ. ಮದುವೆ, ಸತ್ತವರ ಬೊಜ್ಜ ಯಾವುದಕ್ಕೆ ಕರೆದರೂ ಬರುತ್ತಾರೆ, ಊರಿನ ದೈವಸ್ಥಾನದ ಜೀರ್ಣೋದ್ಧಾರಕ್ಕೆ ಮುಂದೆ ನಿಂತು ದುಡಿದವರು. ಆದರೆ ಆ ನೂರರ ವಿಷಯ ಬಂದರೆ ಅವರು ಬೇರೆಯೇ ಮನುಷ್ಯ.

ಅವರು ತಮ್ಮ ಮಾಮೂಲಿ ಮಾತುಗಳನ್ನೆಲ್ಲ ಆಡಿ ಮುಗಿಸಿ ಹಾಳೆಯನ್ನು ಮುಂದೆ ಸರಿಸಿದರು. "ಶಾಲೆ ದೂರ ಆಗ್ತದೆ, ಬಸ್ಸು ಸಮಯಕ್ಕೆ ಸಿಗುವುದಿಲ್ಲ ಅಂತ ಎರಡು ಸಾಲು ಬರೆದರೆ ಸಾಕು" ಎಂದರು.

ವಾರಿಜಕ್ಕ ಹಾಳೆಯನ್ನು ಮುಟ್ಟಲಿಲ್ಲ. "ಸರ್, ಇವಳ ಅಪ್ಪ ಧರ್ಣಪ್ಪ ಈ ದಾರಿಯ ಬಸ್ಸಿನ ಕಂಡಕ್ಟರ್. ಕಂಡಕ್ಟರನ ಮಗಳಿಗೆ ಬಸ್ಸು ಸಿಗುವುದಿಲ್ಲ ಅಂತ ಬರೆಯಬೇಕಾ? ಓದಿದವರು ನಗುವುದಿಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಬಟ್ಟೆಯ ಕಟ್ಟನ್ನು ಬಾಯಿಗೆ ಅಡ್ಡ ಹಿಡಿದೆ. ಸರ್ ನನ್ನ ಕಡೆ ಒಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು.

"ಕಾರಣ ಯಾವುದಾದರೂ ಆಗಬಹುದು. ನಾವು ಹೇಳುವುದು ಹುಡುಗಿಯ ಒಳ್ಳೆಯದಕ್ಕೆ."

"ಅವಳ ಒಳ್ಳೆಯದಕ್ಕಾ?"

"ಹೌದು. ಅವಳ ಒಳ್ಳೆಯದಕ್ಕೇ."

"ಹಾಗಾದರೆ ನಾನು ಬರೆದುಕೊಡ್ತೇನೆ" ಎಂದು ವಾರಿಜಕ್ಕ ಪೆನ್ನು ಎತ್ತಿಕೊಂಡಳು. "ನೀವು ಒಂದು ಮಾತು ಹೇಳಿ ಸರ್. ಈ ಮಗುವನ್ನು ಕಳಿಸುವುದು ಮಗುವಿನ ಒಳ್ಳೆಯದಕ್ಕೆ, ಶಾಲೆಯ ಹೆಸರಿಗೆ ಅಲ್ಲ ಅಂತ ನಮ್ಮ ದೈವ ಕೊಡಮಂದಾಯನ ಹೆಸರಿನಲ್ಲಿ ಹೇಳಿಬಿಡಿ. ಈಗಲೇ ಸಹಿ ಹಾಕ್ತೇನೆ."

ಹೊರಗಿನವರಿಗೆ ಇದು ದೊಡ್ಡ ಮಾತು ಎನಿಸಲಿಕ್ಕಿಲ್ಲ. ನಮ್ಮಲ್ಲಿ ಜನ ಪೊಲೀಸರೆದುರು ಸುಳ್ಳು ಹೇಳುತ್ತಾರೆ, ಕೋರ್ಟಿನಲ್ಲಿಯೂ ಹೇಳುತ್ತಾರೆ. ದೈವದ ಹೆಸರು ಹಿಡಿದು ಮಾತ್ರ ಹೇಳುವುದಿಲ್ಲ. ಜಾಗದ ತಕರಾರು, ಅಣ್ಣತಮ್ಮಂದಿರ ಜಗಳ, ಎಷ್ಟೋ ಇಲ್ಲಿ ಅಲ್ಲಿಗೇ ಮುಗಿದುಹೋಗುತ್ತವೆ. ವೃಷಭರಾಜ ಸರ್ ಈ ಊರಿನಲ್ಲೇ ಹುಟ್ಟಿದವರು, ಆ ದೈವದ ಗಂಧ ಹಣೆಗೆ ಹಚ್ಚಿಕೊಂಡೇ ಬೆಳೆದವರು. ಅವರ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ನಾನು ಅವತ್ತೇ ಕಣ್ಣಾರೆ ಕಂಡದ್ದು.

"ಶಾಲೆಗೆ ದೈವವನ್ನು ಯಾಕೆ ತರ್ತೀರಿ?" ಎಂದು ಅವರು ದನಿ ಏರಿಸಿದರು.

"ದೈವ ಶಾಲೆಗೆ ಬರುವುದು ಬೇಡ ಸರ್. ನೀವು ದೈವಸ್ಥಾನದ ಅಂಗಳಕ್ಕೆ ಬನ್ನಿ, ಅಲ್ಲಿ ಹೇಳಿ."

ಅವರು ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಿತು ಎಂಬುದನ್ನೂ ಹೇಳಿಬಿಡಬೇಕು. ಸುಳ್ಳು ಹೇಳಿ ದಕ್ಕಿಸಿಕೊಳ್ಳುವವರು ಈಗ ಎಷ್ಟಿಲ್ಲ! ಸರ್ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು, "ಆಡಳಿತ ಮಂಡಳಿಯವರು ನನ್ನನ್ನು ಕೇಳ್ತಾರೆ, ನಿಮ್ಮನ್ನಲ್ಲ. ಮುಂದೆ ಏನಾದರೂ ಆದರೆ ನನ್ನನ್ನು ದೂರಬೇಡಿ" ಎಂದರು. ವಾರಿಜಕ್ಕ ಕೈ ಮುಗಿದು ಹೊರಗೆ ಬಂದಳು. ಜೂನಿನಲ್ಲಿ ತೃಷಾ ಅದೇ ಶಾಲೆಯ ಹತ್ತನೆಯ ತರಗತಿಯಲ್ಲಿ ಕುಳಿತಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚಂದವಿತ್ತು! ಆದರೆ ತಾಯಿ ಜಗಳ ಗೆದ್ದರೆ ಆ ಕೋಣೆಯಲ್ಲಿ ದಿನವೂ ಕೂರಬೇಕಾದವಳು ಮಗಳು. "ನಮ್ಮ ನೂರು ಇವಳ ಕೈಯಲ್ಲಿ ಉಂಟು" ಎಂದು ತರಗತಿಯ ಮಕ್ಕಳೇ ಆಡಿಕೊಂಡರು. ಯಾವ ಮಗುವೂ ಅದನ್ನು ಹೊಟ್ಟೆಯಿಂದ ಕಲಿತು ಬರುವುದಿಲ್ಲ, ದೊಡ್ಡವರು ಆಡಿದ್ದನ್ನೇ ಆಡುವುದು. ಗುಂಪು ಓದಿಗೆ ಇವಳನ್ನು ಯಾರೂ ಸೇರಿಸಿಕೊಳ್ಳಲಿಲ್ಲ. ದೀಪಾವಳಿ ಕಳೆದ ಮೇಲೆ ತೃಷಾ ಸಮವಸ್ತ್ರ ಸಡಿಲವಾಗಿದೆ ಎಂದು ನನ್ನ ಅಂಗಡಿಗೆ ಬಂದಳು. ಎರಡೂ ಬದಿ ಬೆರಳಗಲ ಹಿಡಿದು ಹೊಲಿಯಬೇಕಾಯಿತು. ಬೆಳೆಯುವ ಮಕ್ಕಳ ಬಟ್ಟೆ ಬಿಗಿಯಾಗುವುದನ್ನು ನೋಡಿದವಳು ನಾನು, ಸಡಿಲವಾಗುವುದನ್ನು ಅಲ್ಲ.

ಅಷ್ಟರಲ್ಲಿ ವಾರಿಜಕ್ಕ ಸೊಸೈಟಿಯ ಬಾಗಿಲು ಹಾಕಿ ಒಳಗೆ ಬಂದಳು. ಮಗಳು ತಾಯಿಯ ಮುಖ ನೋಡದೆ, "ಅಮ್ಮ, ನೀನು ಒಮ್ಮೆ ಹೋಗಿ ಜಗಳ ಮಾಡಿ ಬಂದಿ. ನಾನು ದಿನಾ ಹೋಗ್ಬೇಕು. ನಿನ್ನ ಹಠಕ್ಕೆ ನಾನು ಯಾಕೆ ಅಲ್ಲಿ ಕೂರುವುದು?" ಎಂದಳು.

ಊರನ್ನೇ ನಡುಗಿಸುವ ವಾರಿಜಕ್ಕ ನನ್ನ ಸ್ಟೂಲಿನ ಮೇಲೆ ಕುಳಿತು ಸೆರಗಿನ ತುದಿ ತಿರುವಿದಳು. ಕೊನೆಗೆ, "ನಿನಗೆ ಬೇಡ ಅಂತಾದರೆ ನಾಳೆಯೇ ಟಿಸಿ ತೆಗೆಯುವ. ನೀನು ಬೇಡ ಅನ್ನಬೇಕು ಮಗಾ, ಅವರು ಬೇಡ ಅಂತ ಅಲ್ಲ" ಎಂದಳು.

ತೃಷಾ ನಾನು ಹೊಲಿದ ಬಟ್ಟೆ ತೆಗೆದುಕೊಂಡು ಹೋದಳು. ಮರುದಿನ ಬೆಳಿಗ್ಗೆ ಅದನ್ನೇ ತೊಟ್ಟು ಅಪ್ಪನ ಬಸ್ಸು ಹತ್ತಿದಳು. ಆಮೇಲೆ ಗಣಿತದ ಸಜ್ನಾ ಟೀಚರ್ ಊಟದ ಹೊತ್ತಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡಲು ಶುರುಮಾಡಿದರಂತೆ. ಮೊದಮೊದಲು ಸಿಡುಕಿದವರೂ ಅವರೇ. ಕೊನೆಕೊನೆಗೆ, ಈ ಹುಡುಗಿ ಕೇಳಿದ್ದನ್ನೇ ಮೂರು ಸಲ ಕೇಳುತ್ತಾಳೆ, ನಾಚಿಕೆಯೇ ಇಲ್ಲ ಎಂದು ನನ್ನಲ್ಲಿ ಹೇಳಿದ್ದರು. ಅವರು ಅದನ್ನು ಮೆಚ್ಚಿಯೇ ಹೇಳಿದ್ದು.

ಈ ಮೇ ತಿಂಗಳಲ್ಲಿ ಫಲಿತಾಂಶ ಬಂತು. ತೃಷಾ ಐದು ವಿಷಯಗಳಲ್ಲಿ ಪಾಸು, ಗಣಿತದಲ್ಲಿ ಮಾತ್ರ ನಾಲ್ಕೇ ಅಂಕಕ್ಕೆ ಹೋಯಿತು. ಇಡೀ ಶಾಲೆಯಲ್ಲಿ ಫೇಲಾದವಳು ಅವಳೊಬ್ಬಳೇ. ಬಸ್ ಸ್ಟ್ಯಾಂಡಿನಲ್ಲಿ, ಸೊಸೈಟಿಯ ಸಾಲಿನಲ್ಲಿ ಎಲ್ಲ ಕಡೆ ಅದೇ ಮಾತು. ನೀರು ಹಾಕಿ ಸಿಕ್ಕಿಬಿದ್ದವರೆಲ್ಲ ಅವತ್ತು ಬಡ್ಡಿ ಸಮೇತ ತೀರಿಸಿಕೊಂಡರು. "ಹಠ ಮಾಡಿ ಎಂತ ಸಿಕ್ಕಿತು ವಾರಿಜಕ್ಕ?" ಎಂದು ಕೇಳಿದ ಒಬ್ಬನಿಗೆ ನಾನೇ ಕತ್ತರಿ ತೋರಿಸಿದೆ.

ಈಗ ವರ್ಷಕ್ಕೆ ಮೂರು ಪರೀಕ್ಷೆ ಇದೆಯಲ್ಲ, ಎರಡನೆಯದಕ್ಕೆ ಹೆಸರು ಕೊಡಿಸಲು ತಾಯಿ ಮಗಳು ಹೊರಟರು. ಇಬ್ಬರೇ ಹೋಗುವುದು ಬೇಡ ಎಂದು ನಾನೂ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೋದೆ. ಸಮವಸ್ತ್ರದ ಕೆಲಸ ಕೈತಪ್ಪಿದರೆ ತಪ್ಪಲಿ, ರವಿಕೆ ಹೊಲಿದು ಬದುಕುತ್ತೇನೆ. ಹೆಡ್ಮಾಸ್ಟ್ರ ಕೋಣೆಯ ಹೊರಗೆ ಜಗಲಿಯ ಬೆಂಚಿನಲ್ಲಿ ಈ ವರ್ಷ ಒಂಬತ್ತು ಮುಗಿಸಿದ ಮಕ್ಕಳ ಹೆತ್ತವರು ಕುಳಿತಿದ್ದರು. ಸಮ್ಮೇದನ ತಾಯಿ ಪ್ರಭಾವತಿಯಮ್ಮ, ಬಸದಿಯ ಹತ್ತಿರದ ಮನೆಯವರು. ಅವರ ಪಕ್ಕದಲ್ಲಿ ಸೈನಬ. ಇಬ್ಬರ ಕೈಯಲ್ಲೂ ಅದೇ ಬಿಳಿ ಹಾಳೆ. ನಮ್ಮನ್ನು ನೋಡಿ ಇಬ್ಬರೂ ತಲೆ ತಗ್ಗಿಸಿದರು.

ಒಳಗೆ ವೃಷಭರಾಜ ಸರ್ ವಾರದಿಂದ ನಿದ್ದೆ ಮಾಡದವರಂತೆ ಇದ್ದರು. "ಏಳು ವರ್ಷದ್ದು ಹೋಯ್ತು. ಈಗ ಸಮಾಧಾನ ಆಯ್ತಾ ನಿಮಗೆ?" ಎಂದರು.

"ಮಗಳು ಫೇಲಾದರೆ ಯಾವ ತಾಯಿಗೆ ಸಮಾಧಾನ ಉಂಟು ಸರ್?" ವಾರಿಜಕ್ಕನ ದನಿ ಒಡೆಯಿತು, ಆದರೆ ಅವಳು ತಲೆ ತಗ್ಗಿಸಲಿಲ್ಲ. "ನಾಳೆಯಿಂದ ಅವಳಿಗೆ ಪಾಠ ಉಂಟಾ ಅಂತ ಕೇಳ್ಲಿಕ್ಕೆ ಬಂದದ್ದು."

"ಒಬ್ಬಳಿಗೋಸ್ಕರ ತರಗತಿ ತೆರೆಯುವುದಾ? ಹೆಸರು ಕೊಡುವ, ಮನೆಯಲ್ಲೇ ಓದಲಿ." ಆಮೇಲೆ ಅವರು ತೃಷಾಳ ಕಡೆ ತಿರುಗಿದರು. "ಯಾವ ಮುಖ ಇಟ್ಟುಕೊಂಡು ಇಲ್ಲಿಗೆ ಬರ್ತೀ ನೀನು?"

ವಾರಿಜಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಮಗಳು ಅವಳ ಕೈ ಹಿಡಿದು ತಡೆದಳು.

"ಫೇಲಾದ ಮುಖ ಇಟ್ಟುಕೊಂಡೇ ಬರ್ತೇನೆ ಸರ್" ಎಂದಳು. "ಪಾಸಾದವರಿಗೆ ಇಲ್ಲಿ ಇನ್ನೆಂತ ಕೆಲಸ ಉಂಟು? ಅವರು ಮೂಡುಬಿದಿರೆಯ, ಮಿಜಾರಿನ ಕಾಲೇಜಿಗೆ ಹೋಗ್ತಾರೆ. ಈಗ ಶಾಲೆ ಬೇಕಾದ್ದು ನನಗೆ ಅಲ್ವಾ?"

ಬಾಗಿಲ ಬಳಿ ನಿಂತಿದ್ದ ಸಜ್ನಾ ಟೀಚರ್, ಯಾರ ಅಪ್ಪಣೆಯನ್ನೂ ಕೇಳದೆ, "ನಾಳೆ ಬೆಳಿಗ್ಗೆ ಬಾ ತೃಷಾ, ನಾನು ಬರ್ತೇನೆ" ಎಂದರು. ನನಗೆ ಅಲ್ಲೇ ಕುಳಿತು ಅಳಬೇಕೆನಿಸಿತು. ಈ ಹುಡುಗಿ ಗೆದ್ದು ಬಂದಿದ್ದರೂ ನನಗೆ ಇಷ್ಟು ಹೆಮ್ಮೆಯಾಗುತ್ತಿರಲಿಲ್ಲ.

ಆಗ ಪ್ರಭಾವತಿಯಮ್ಮ ಒಳಗೆ ಬಂದರು. ಅವರು ಸಭೆ ಸಮಾರಂಭಗಳಲ್ಲಿಯೂ ದನಿ ಎತ್ತಿ ಮಾತಾಡುವವರಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಹಿಂದಿನಿಂದ ಸೈನಬಳೂ ಬಂದು ತನ್ನದನ್ನು ಅದರ ಮೇಲೆಯೇ ಇಟ್ಟಳು.

"ನಮ್ಮ ಸಮ್ಮೇದ್ ಇಲ್ಲೇ ಇರ್ತಾನೆ ಸರ್" ಎಂದರು ಪ್ರಭಾವತಿಯಮ್ಮ. "ಫೇಲಾದರೆ ಇಲ್ಲಿಂದಲೇ ಫೇಲಾಗ್ತಾನೆ."