ಹಸಿರು ಬಳೆಯ ಕೈ, ಎಂಬತ್ತು ದಿನದ ಲೆಕ್ಕ

ಬೆಳಗಿನ ಜಾವದ ಟೋಲ್ ಗೇಟಿನಲ್ಲಿ ಯಶೋಧಾಳ ಮುಖ ಯಾರಿಗೂ ಕಾಣುವುದಿಲ್ಲ, ಕಾಣುವುದು ಕೈ ಮಾತ್ರ. ಲಾರಿಯ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ಯಂತ್ರ ಓದದೆ ಹೋದರೆ ಆ ಕೈ ಸ್ಕ್ಯಾನರ್ ಹಿಡಿದು ಕಿಟಕಿಯಿಂದ ಹೊರಚಾಚುತ್ತದೆ. ಹಿಂದಿನ ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನ್ ಒತ್ತುತ್ತಾನೆ. ಪಕ್ಕದ ಬಿಳಿ ಕಾರಿನವರು ತಾವು ಯಾರ ಕಡೆಯವರು ಎಂಬ ಪುರಾಣ ಬಿಚ್ಚುತ್ತಾರೆ. ಅದು ಮುಗಿಯುವ ತನಕ ಯಶೋಧಾ ಸೊಂಟಕ್ಕೆ ಕೈಕೊಟ್ಟು ನಿಂತಿರುತ್ತಾಳೆ. ಅವಳಿಗೀಗ ಏಳು ತಿಂಗಳು.

ಇಲ್ಲಿರುವ ಹೆಸರುಗಳು ನಿಜವಲ್ಲ. ಟೋಲ್ ಯಾವುದು, ಕಂಪನಿ ಯಾವುದು ಎಂಬುದನ್ನೂ ಪತ್ರಿಕೆಯಲ್ಲಿ ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಯಶೋಧಾಳ ತವರು ಹೂವಿನ ಹಿಪ್ಪರಗಿ. ಮುದ್ದೇಬಿಹಾಳದಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ನಿಡಗುಂದಿಗೆ ಬಂದವಳು. ಗಂಡ ಪರಶು ಆಟೊ ಓಡಿಸುತ್ತಾನೆ. ಟೋಲ್ ಗೇಟಿನ ಕೆಲಸ ಅವಳಿಗೆ ಮದುವೆಗೂ ಹಳೆಯದು, ಆದರೆ ಕಾಗದದ ಮೇಲೆ ಅವಳು ಸದಾ ಹೊಸಬಳೇ. ಟೋಲಿನ ಗುತ್ತಿಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಇರುತ್ತದೆ. ಬಂದವರೆಲ್ಲ ಹೊಸದಾಗಿ ಆರ್ಡರ್ ಕೊಡುತ್ತಾರೆ.

“ಗೇಟ್ ಅದ ಐತಿ, ಕುರ್ಚಿ ಅದ ಐತಿ, ಕುಂಡ್ರಾಕಿ ನಾನ ಅದೇನಿ. ಹಾಳಿ ಒಂದ ಹೊಸಾದು ನೋಡ್ರಿ,” ಎನ್ನುತ್ತಾಳೆ.

ಆ ಹಾಳೆಯೇ ಅವಳ ಸಂಸಾರವನ್ನು ನಡೆಸಿದೆ. ಹೆರಿಗೆಗೆ ಸಂಬಳದ ರಜೆ ಸಿಗಬೇಕಾದರೆ ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ ಎಂಬತ್ತು ದಿನ ದುಡಿದಿರಬೇಕು. ಆ ದಿನಗಳು ನಮ್ಮಲ್ಲೇ ಆಗಿರಬೇಕು ಎಂಬುದು ಪ್ರತಿ ಕಂಪನಿಯ ಮಾತು. ಹಾಗಾಗಿ ಗಂಡ ಹೆಂಡತಿ ಮಗುವನ್ನು ಮುಂದೂಡುತ್ತ ಬಂದರು. ಒಂದು ಗುತ್ತಿಗೆ ಮುಗಿಯುತ್ತ ಬಂದಿದೆ, ಈಗ ಬೇಡ. ಇನ್ನೊಂದು ಈಗಷ್ಟೇ ಬಂದಿದೆ, ನಿಲ್ಲುತ್ತದೋ ಇಲ್ಲವೋ, ಈಗಲೂ ಬೇಡ. ಇದನ್ನು ಅತ್ತೆ ಸೀತವ್ವನ ಮುಂದೆ ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಆಕೆ ಸೊಸೆಗೆ ಮಕ್ಕಳಾಗುತ್ತಿಲ್ಲ ಎಂದುಕೊಂಡು ಹರಕೆ ಹೊತ್ತಳು, ವಾರದ ಉಪವಾಸ ಹಿಡಿದಳು.

“ಓಣ್ಯಾಗ ಬಂಜಿ ಅಂದ್ರ ಕೇಳಿಸಿಕೊಂಡು ಸುಮ್ನಾಗ್ತಿದ್ದೆ. ಆದ್ರ ಅತ್ತಿ ಹಸಕೊಂಡು ಮಲಗೋದು ನೋಡಾಕ ಆಗ್ತಿರಲಿಲ್ರಿ.”

ಕಡೆಗೆ ಎರಡು ವರ್ಷದ ಗುತ್ತಿಗೆಯ ಕಂಪನಿಯೊಂದು ಬಂತು. ಗಟ್ಟಿ ಕುಳ ಎಂದು ಎಲ್ಲರೂ ನಂಬಿದರು. ಯಶೋಧಾಳೂ ನಂಬಿ ಬಸುರಿಯಾದಳು. ಮೂರು ತಿಂಗಳು ತುಂಬುವಷ್ಟರಲ್ಲಿ ಆ ಕಂಪನಿ ಅರ್ಧಕ್ಕೇ ಕೈಬಿಟ್ಟು ಹೋಯಿತು. ತಿಂಗಳು ಕಳೆದು ಬಂದ ಹೊಸ ಕಂಪನಿ ಹಳಬರನ್ನೆಲ್ಲ ಹೊಸಬರೆಂದು ಬರೆದುಕೊಂಡಿತು. ಇವಳು ಹೊಟ್ಟೆಯ ಸುದ್ದಿ ಎತ್ತದೆ ಸಹಿ ಹಾಕಿದಳು. ತಾನು ತಪ್ಪಿಲ್ಲದೆ ಕಳ್ಳಿಯಾದೆ ಎಂಬ ಸಿಟ್ಟು ಅವಳಿಗೆ ಈಗಲೂ ಇದೆ. ನನಗೂ ಇದೆ. ಎಂಬತ್ತು ದಿನ ದಾಟುವ ತನಕ ಬಾಯಿ ಬಿಡಬಾರದು ಎಂಬುದು ಅವಳ ಯೋಚನೆಯಾಗಿತ್ತು.

ಐದನೆಯ ತಿಂಗಳಲ್ಲಿ ಸೀತವ್ವ ಕುಬಸ, ಅಂದರೆ ಸೀಮಂತ, ಮಾಡಿದಳು. ಯಶೋಧಾಳಿಗೆ ತಾಯಿಯಿಲ್ಲ. ಹಾಗಾಗಿ ತವರಿನವರು ಮಾಡಬೇಕಾದ್ದನ್ನೂ ಅತ್ತೆಯೇ ಮಾಡಿದಳು. ಹಸಿರು ಸೀರೆ ಉಡಿಸಿದಳು, ಉಡಿ ತುಂಬಿದಳು. ಬಳೆಗಾರ್ತಿ ಜನ್ನತಬಿಯನ್ನು ಮನೆಗೇ ಕರೆಸಿ ಎರಡೂ ಕೈಗೆ ಮುಂಗೈ ತುಂಬ ಹಸಿರು ಬಳೆ ಇಡಿಸಿದಳು. ಈ ಬಳೆಗಳನ್ನು ಹೆರಿಗೆಯ ತನಕ ತೆಗೆಯುವಂತಿಲ್ಲ.

“ಒಂದು ಒಡೀಬಾರ್ದು ನೋಡವಾ ಅಂತ ಅತ್ತಿ ನನ್ನ ಕೈ ಹಿಡದು ಅತ್ಲು. ಆ ಮ್ಯಾಲೆ ಹೆಂಗ್ ತೆಗೀಲ್ರಿ?”

ಮರುದಿನ ತುಂಬುತೋಳಿನ ಅಂಗಿ ತೊಟ್ಟು ಹೋದಳು. ಆದರೆ ಹೊರಗೆ ಚಾಚಲೇಬೇಕಾದ ಕೈಯನ್ನು ಎಷ್ಟು ಮುಚ್ಚಿಡಲು ಸಾಧ್ಯ? ವರ್ಷಗಟ್ಟಲೆ ಅದೇ ದಾರಿಯಲ್ಲಿ ಓಡಾಡುವ ಲಾರಿ ಚಾಲಕ ಜುಲ್ಫಿಕರ ಬಳೆ ನೋಡಿ ಹಿಗ್ಗಿಬಿಟ್ಟ. “ಏನ್ ತಂಗಿ, ಹಸರ ಬಳಿ! ಪೇಢೆ ಯಾವಾಗ?” ಎಂದು ಕೂಗಿದ. ಹಿಂದೆ ಸೂಪರ್‌ವೈಸರ್ ನಿಂತಿದ್ದ.

ಅವಳನ್ನು ಯಾರೂ ತೆಗೆದುಹಾಕಲಿಲ್ಲ. ಹಾಗೆ ಮಾಡಿದರೆ ಕಾನೂನು ಅಡ್ಡ ಬರುತ್ತದೆ ಎಂಬುದು ಕಂಪನಿಗೆ ಚೆನ್ನಾಗಿ ಗೊತ್ತು. ಮುಂದಿನ ವಾರದಿಂದ ಅವಳಿಗೆ ಎರಡೇ ದಿನ ಡ್ಯೂಟಿ ಬಂತು. ಎಷ್ಟು ಕೂಡಿಸಿದರೂ ಹೆರಿಗೆಯೊಳಗೆ ಎಂಬತ್ತು ಆಗುವುದಿಲ್ಲ. ಕಾರ್ಮಿಕ ಕಚೇರಿಗೆ ಅರ್ಜಿ ಕೊಡೋಣವೆಂದು ಪರಶು ಹೇಳುತ್ತಾನೆ. ಕೊಟ್ಟರೆ ಆ ಎರಡು ದಿನವೂ ಹೋದೀತು ಎಂದು ಇವಳಿಗೆ ಭಯ.

ಪಾಳಿ ಮುಗಿದ ಮೇಲೆ ಅವಳ ಮನೆಗೆ ಹೋಗುತ್ತೇನೆ. ಸೀತವ್ವ ಚಹಾ ಕೊಟ್ಟು ಎದುರಿಗೇ ಕೂರುತ್ತಾಳೆ. “ಕಂಪನ್ಯಾವ್ರು ದೇವರಂಥಾವ್ರು ನೋಡ್ರಿ. ಬಸರಿ ಅದಾಳಂತ ವಾರಕ್ಕ ಎರಡ ದಿನ ಅಷ್ಟ ಕರೀತಾರ. ಆ ಬಳಿ ಗುಣ, ಮತ್ತೇನ್ರಿ! ಅದನ್ನ ತಪ್ಪಲಾರ್ದ ಬರೀರಿ ಪೇಪರನ್ಯಾಗ.”

ಯಶೋಧಾ ತಲೆಯೆತ್ತದೆ ಲೋಟ ತೊಳೆಯುತ್ತಾಳೆ.

ಬಸ್‌ಸ್ಟ್ಯಾಂಡಿನವರೆಗೆ ಅವಳು ಜೊತೆಗೆ ಬರುತ್ತಾಳೆ. ನಿಮಗೇನು ಆಗಬೇಕು ಎಂದು ಕೇಳುತ್ತೇನೆ. ರಜೆ ಎನ್ನುತ್ತಾಳೆ, ಸಂಬಳ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಬಳೆಗಳನ್ನು ಮೊಣಕೈಯತ್ತ ಸರಿಸಿಕೊಳ್ಳುತ್ತಾಳೆ.

“ಅತ್ತಿಗೆ ಓದಾಕ ಬರಂಗಿಲ್ರಿ. ಪೇಪರ್ ಬಂದ್ ಕೂಡ್ಲೆ ಮಗ್ಗಲಮನಿಯವ್ರ ಕಡೆ ಓದಸ್ತಾಳ. ಓದಾವ್ರಿಗೆ ಒಂದ್ ಮಾತ್ ಬರೀರಿ: ಬಳಿ ಸುದ್ದಿ ಬಂದಲ್ಲಿ ಬಿಟ್ಟು ಓದ್ರಿ ಅಂತ.”