ಅವರೆಕಾಳು ನೆನೆಹಾಕಿದ ವಾರ

ಮೇಲೂರಿನ ಶೋಭಾರಾಣಿಯ ಅಡುಗೆಮನೆಯಲ್ಲಿ ವಾರ ಶುರುವಾಗುವುದು ಭಾನುವಾರ ಸಂಜೆ. ಕಾಳುಗಳನ್ನು ಬೇರೆ ಬೇರೆ ಪಾತ್ರೆಗಳಲ್ಲಿ ನೆನೆಹಾಕುವ ಹೊತ್ತಿಗೇ ಆಕೆಯ ತಲೆಯಲ್ಲಿ ಇಡೀ ವಾರದ ಅಡುಗೆ ಸಾಲಾಗಿ ನಿಂತಿರುತ್ತದೆ. ಮೊದಲು ಹುರುಳಿಕಾಳಿನ ಬಸ್ಸಾರು, ಹೆಸರುಕಾಳು ಮೊಳಕೆ ಒಡೆದ ಮೇಲೆ ಅದರ ಸರದಿ, ನಡುನಡುವೆ ಸೊಪ್ಪು. ಗಂಡನಿಗೆ ಮಾತ್ರ ದಿನವೂ ರಾಗಿಮುದ್ದೆ. ಗಂಡ ನಾಗರಾಜ್ ಚಿಂತಾಮಣಿ ಕಡೆ ಓಡುವ ಬಸ್ಸಿನ ಕಂಡಕ್ಟರ್. ಬಸ್‌ಸ್ಟ್ಯಾಂಡಿನ ಬಜ್ಜಿ ಬೋಂಡಗಳ ಜೊತೆ ವರ್ಷಗಟ್ಟಲೆ ಸಲಿಗೆ ಬೆಳೆಸಿ ಸಕ್ಕರೆ ಕಾಯಿಲೆಯನ್ನು ಮನೆತನಕ ಕರೆತಂದ ಪುಣ್ಯಾತ್ಮ. ಹೊತ್ತಿಗೆ ಸರಿಯಾಗಿ ತಿನ್ನಬೇಕು ಎಂದು ಡಾಕ್ಟರು ಗದರಿಸಿ ಕಳಿಸಿದ ಮೇಲೆ ಶೋಭಾರಾಣಿಯ ಈ ಏರ್ಪಾಟು ಶುರುವಾಯಿತು.

ಏರ್ಪಾಟಿನಲ್ಲಿ ಕೊರತೆ ಇರಲಿಲ್ಲ. ಮಗಳು ಶೈಲಜಾ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ನರ್ಸು. ಅವಳ ಡ್ಯೂಟಿ ಇವತ್ತು ಬೆಳಗ್ಗೆಯಾದರೆ ನಾಳೆ ರಾತ್ರಿ. ಅತ್ತೆ ಓಬಳಮ್ಮನಿಗೆ ಬೆಳಕಿರುವಾಗಲೇ ಊಟ ಆಗಬೇಕು, ಕತ್ತಲಾದ ಮೇಲೆ ತಿಂದದ್ದು ಎದೆಗೇ ಅಂಟಿಕೊಳ್ಳುತ್ತದಂತೆ. ನಾಗರಾಜ್ ಬರುವುದು ಬಸ್ಸಿನ ದಯೆ. ಯಾರಿಗೆ ಯಾವ ಡಬ್ಬಿ, ಯಾವುದು ಫ್ರಿಜ್ಜಿನಲ್ಲಿ, ಯಾವುದು ಒಲೆಯ ಪಕ್ಕ, ಎಲ್ಲ ಅಚ್ಚುಕಟ್ಟು. ನಾಗರಾಜನ ಸಕ್ಕರೆಯೂ ಇಳಿಯಿತು. ಆದರೆ ತಾನು ಬೇಯಿಸಿದ್ದನ್ನು ಮನೆಯವರು ತಿನ್ನುವುದನ್ನು ಶೋಭಾರಾಣಿ ಕಣ್ಣಾರೆ ಕಂಡು ಎಷ್ಟೋ ಕಾಲವಾಗಿತ್ತು. ಡಬ್ಬಿ ಖಾಲಿಯಾಗಿ ಸಿಂಕಿಗೆ ಬರುತ್ತಿತ್ತು, ತೊಳೆಯುತ್ತಿದ್ದಳು.

ಅವಳ ಕೆಲಸ ಊರ ಹೊರಗಿನ ಚಾಕಿ ಕೇಂದ್ರದಲ್ಲಿ. ಮೊಟ್ಟೆಯಿಂದ ಆಗತಾನೆ ಹೊರಬಂದ ರೇಷ್ಮೆಹುಳುಗಳನ್ನು ಒಂದಿಷ್ಟು ದಿನ ಸಾಕಿ, ಆಮೇಲೆ ರೈತರಿಗೆ ಒಪ್ಪಿಸುವ ಜಾಗ ಅದು. ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹೊತ್ತುಹೊತ್ತಿಗೆ ಉದುರಿಸಬೇಕು. ತಟ್ಟೆಯ ತುಂಬ ಹುಳುಗಳು ಒಟ್ಟಿಗೇ ತಿಂದು ಒಟ್ಟಿಗೇ ನಿದ್ದೆಗೆ ಕೂರುತ್ತವೆ. ಅದನ್ನು ನೋಡಿದಾಗಲೆಲ್ಲ ಶೋಭಾರಾಣಿಗೆ ಹುಳುಗಳ ಮೇಲೆ ಸಣ್ಣ ಹೊಟ್ಟೆಕಿಚ್ಚು. ಹುಳುವಿನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ತನ್ನಷ್ಟಕ್ಕೆ ತಾನೇ ನಗುವಳು.

ಅವರೆಕಾಯಿ ಕಾಲ ಬಂತೆಂದರೆ ಅವಳ ಮನಸ್ಸು ಮಂಚೇನಹಳ್ಳಿಯ ತವರಿಗೆ ಓಡುತ್ತಿತ್ತು. ಅಲ್ಲಿ ನೆನೆಸಿದ ಕಾಳನ್ನು ನಡುವೆ ಇಟ್ಟುಕೊಂಡು ಮನೆಮಂದಿಯೆಲ್ಲ ಸುತ್ತ ಕೂರುತ್ತಿದ್ದರು. ಬೆರಳಿನಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಹಾರುವುದು, ಒಮ್ಮೊಮ್ಮೆ ಎದುರಿಗಿದ್ದವರ ಮೂಗಿಗೇ. ಒಬ್ಬರೇ ಕೂತರೆ ಮುಗಿಯದ ಕೆಲಸ, ನಾಲ್ಕು ಜನ ಕೂತರೆ ಮುಗಿದದ್ದೇ ತಿಳಿಯದ ಕೆಲಸ. ಹಿದುಕಿದ ಬೇಳೆ ಸಾರಿನ ರುಚಿಗಿಂತ ಆ ಕೂರುವುದರ ಮೇಲೇ ಅವಳಿಗೆ ಆಸೆ. ಈ ಮನೆಯಲ್ಲಿ ಒಂದು ಸಲವಾದರೂ ಹಾಗೆ ಕೂರಬೇಕು ಎಂದು ಆಸೆಪಟ್ಟಿದ್ದಳು, ಯಾರಿಗೂ ಹೇಳಿರಲಿಲ್ಲ.

ಆ ವಾರ ಅದೃಷ್ಟ ಕೂಡಿಬಂದಿತ್ತು. ಭಾನುವಾರ ನಾಗರಾಜನಿಗೂ ರಜೆ, ಶೈಲಜಾಗೂ ರಜೆ. ಶೋಭಾರಾಣಿ ವಾರದ ಅಡುಗೆಯನ್ನೆಲ್ಲ ಆ ದಿನದ ಕಡೆಗೇ ತಿರುಗಿಸಿಟ್ಟಳು. ಶನಿವಾರ ಬರೀ ತಿಳಿಸಾರು ಮಾಡಿ, ಸಂಜೆ ಅತ್ತೆ ಸುಲಿದಿಟ್ಟ ಕಾಳನ್ನು ದೊಡ್ಡ ಪಾತ್ರೆಯಲ್ಲಿ ನೆನೆಹಾಕಿದಳು.

"ನಾಳೆ ಇದುಕಿದ ಬ್ಯಾಳೆ ಸಾರು. ಯಾರೂ ಎಲ್ಲೂ ಹೋಗ್ಬೇಡಿ," ಎಂದಳು.

"ಮುದ್ದೆ ಜಾಸ್ತಿ ಮಾಡೇ, ನಾಳೆ ಒಂದಿನ ಲೆಕ್ಕ ಇಡ್ಬೇಡ," ಎಂದ ನಾಗರಾಜ್.

ಹುಳುವಿಗೆ ಭಾನುವಾರವೆಂಬುದಿಲ್ಲ. ಬೆಳಗಿನ ಸೊಪ್ಪು ಹಾಕಿ ಬೇಗ ಬಂದುಬಿಡುತ್ತೇನೆಂದು ಶೋಭಾರಾಣಿ ಹೋದಳು. ಜೊತೆಗೆ ಕೆಲಸ ಮಾಡುವ ಗಂಗುಲಮ್ಮ ಬರಲೇ ಇಲ್ಲ, ಮೊಮ್ಮಗುವಿಗೆ ಜ್ವರವಂತೆ. ಅವಳ ಪಾಲಿನ ತಟ್ಟೆಗಳನ್ನೂ ಇವಳೇ ನೋಡಬೇಕಾಯಿತು. ಬಿಸಿಲೇರುತ್ತಿದ್ದಂತೆ ಚಡಪಡಿಕೆ ಹೆಚ್ಚಿ ಮನೆಗೆ ಫೋನ್ ಮಾಡಿದಳು.

"ರೀ, ತಡ ಆಗ್ತೈತೆ. ಕಾಳು ಹಂಗೇ ನೀರಲ್ಲಿರ್ಲಿ. ನಾನ್ ಬರ್ತೀನಿ, ಯಾರೂ ಮುಟ್ಬೇಡಿ."

ಈ ಮನೆಯಲ್ಲಿ ಅವಳು ಆಡುತ್ತ ಬಂದಿದ್ದ ಮಾತೇ ಅದು. ಪಾತ್ರೆಗೆ ಕೈಹಾಕಿದರೆ 'ಬಿಡಿ, ನಾನೇ ಮಾಡ್ತೀನಿ', ಬಟ್ಟೆ ಒಣಹಾಕಲು ಹೋದರೆ 'ನಾನ್ ಬಂದ್ ನೋಡ್ಕೋತೀನಿ'. ಯಾವುದು ದಾಕ್ಷಿಣ್ಯದ ಮಾತು, ಯಾವುದು ಮನಸ್ಸಿನ ಮಾತು ಎಂದು ಪಾಪ, ಅವರಿಗಾದರೂ ಹೇಗೆ ಗೊತ್ತಾಗಬೇಕು?

ಮಧ್ಯಾಹ್ನ ಓಡೋಡಿ ಬಂದಾಗ ಬಾಗಿಲಲ್ಲೇ ಸಾರಿನ ಘಮಲು ಮೂಗಿಗೆ ಬಡಿಯಿತು. ಶೋಭಾರಾಣಿ ಹೊಸ್ತಿಲಲ್ಲೇ ನಿಂತಳು.

"ಅಮ್ಮಾ, ಸರ್‌ಪ್ರೈಸ್!" ಶೈಲಜಾ ಕುಣಿಯುತ್ತ ಬಂದಳು. "ನಾವೇ ಎಲ್ಲಾ ಮಾಡಿದ್ವಿ. ನೀನು ಸುಮ್ನೆ ಕೈಕಾಲು ತೊಳ್ಕೊಂಡು ಬಾ."

ನಾಲ್ಕು ತಟ್ಟೆ ಹಾಕಿದ್ದರು. ಅವಳಿಗಾಗಿ ಹಸಿದುಕೊಂಡು ಕಾದಿದ್ದರು. ಓಬಳಮ್ಮ ಕೂಡ ತಿಂದಿರಲಿಲ್ಲ. ಮುದ್ದೆ ಮುರಿಯುತ್ತ ಮೂವರೂ ಒಟ್ಟೊಟ್ಟಿಗೇ ಮಾತಾಡಿದರು. ನಾಗರಾಜ್ ಒತ್ತಿದ ಬೇಳೆ ಅವನ ಅಮ್ಮನ ಕನ್ನಡಕಕ್ಕೆ ಬಡಿಯಿತಂತೆ. ಓಬಳಮ್ಮ, ತನ್ನ ಮದುವೆಯಾದ ಹೊಸದರಲ್ಲಿ ಗಂಡ ಆಂಜನಪ್ಪ ಬಾಗೇಪಲ್ಲಿ ಸಂತೆಗೆ ಹೋಗಿ ಮಾಡಿಕೊಂಡು ಬಂದ ಫಜೀತಿಯನ್ನು ಹೇಳಿದಳಂತೆ. ನಗು ಬಂದರೆ ಮುದುಕಿಯ ಬಾಯಿಗೆ ತೆಲುಗೇ ಬರುವುದು, ಅರ್ಧ ತೆಲುಗಿನಲ್ಲೇ ಹೇಳಿದಳಂತೆ. ಶೈಲಜಾ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳಂತೆ.

"ನೀನಿರ್ಬೇಕಿತ್ತು ಕಣೇ," ಎಂದ ನಾಗರಾಜ್.

ಶೋಭಾರಾಣಿ ತಲೆಯಾಡಿಸಿದಳು. ಸಾರು ಚೆನ್ನಾಗಿತ್ತು, ಉಪ್ಪು ಖಾರ ಹದವಾಗಿತ್ತು. ಎಲ್ಲರೂ ಎದುರಿಗೆ ಕೂತು ತಿನ್ನುತ್ತಿದ್ದರು, ಅದೂ ಅವಳು ಬಯಸಿದ್ದೇ. ಆದರೆ ತಾನು ಇಷ್ಟು ದಿನ ಕಾದದ್ದು ತನ್ನ ಮನೆಯಲ್ಲೇ, ತಾನಿಲ್ಲದಾಗ ನಡೆದುಹೋಗಿತ್ತು. ಯಾರನ್ನು ಬೈಯುವುದು? ಅವಳ ಕೈ ನೋಯದಿರಲಿ ಎಂದೇ ಮಾಡಿದವರು. ಹೇಳಿದರೆ ಚಿಕ್ಕ ಮಕ್ಕಳ ಹಟದಂತೆ ಕಂಡೀತು.

"ಅತ್ತೆ, ಮಾವ ಸಂತೇಲಿ ಏನ್ ಮಾಡಿದ್ರು? ನಂಗೂ ಹೇಳಿ," ಎಂದಳು.

ಓಬಳಮ್ಮ ಶುರು ಮಾಡಿದಳು. ಒಂದೆರಡು ಮಾತಿಗೇ ತಡವರಿಸಿ ನಿಂತಳು. "ಅಯ್ಯೋ ಹೋಗಮ್ಮ. ಕೈ ಆಡ್ತಾ ಇತ್ತು, ಮಾತು ತಾನಾಗೇ ಬಂತು. ಈಗ ಹೇಳು ಅಂದ್ರೆ ಏನ್ ಹೇಳ್ಲಿ?"

ಶೋಭಾರಾಣಿ ಎದ್ದು ಅಡುಗೆಮನೆಗೆ ಹೋದಳು. ನೆನೆಹಾಕಿದ್ದ ಪಾತ್ರೆಯನ್ನು ತೊಳೆದು ಬೋರಲು ಹಾಕಿದ್ದರು.

"ರೀ, ಕಾಳು ಒಂದಿಷ್ಟೇನಾದ್ರೂ ಉಳಿದೈತಾ?" ಎಂದು ಅಲ್ಲಿಂದಲೇ ಕೇಳಿದಳು.

"ಒಂದೂ ಇಲ್ಲ ಕಣೇ!" ನಾಗರಾಜನ ದನಿಯಲ್ಲಿ ಹೆಮ್ಮೆ ತುಂಬಿತ್ತು. "ಪೂರ್ತಿ ನಾವೇ ಮುಗಿಸಿದ್ವಿ. ನಿನಗೆ ಕೆಲಸಾನೇ ಇಟ್ಟಿಲ್ಲ, ನೋಡು."