ಜಗಲಿ ಶಾಲೆಯ ಒಬ್ಬಳೇ ವಿದ್ಯಾರ್ಥಿನಿ

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನೋರೀನ್ ಟಕ್‌ವೆಲ್ ಮನೆಯ ಜಗಲಿಯಲ್ಲಿ ನಿಂತು ಶಾಲೆಯ ಗಂಟೆ ಬಾರಿಸುತ್ತಿದ್ದಳು. ಶಾಲೆಗಿದ್ದವಳು ಒಬ್ಬಳೇ, ಅವಳ ಏಳು ವರ್ಷದ ಮಗಳು ಟೆಸ್. ಅವಳೂ ಎರಡು ಮಾರು ದೂರದಲ್ಲಿ ಟೋಸ್ಟು ತಿನ್ನುತ್ತ ಕೂತಿರುತ್ತಿದ್ದಳು. ಆದರೂ ಗಂಟೆ ಬಾರಿಸಬೇಕು, ಹಾಜರಿ ಕೂಗಬೇಕು, ಟೆಸ್ ಎದ್ದು ನಿಂತು "ಪ್ರೆಸೆಂಟ್, ಮಿಸೆಸ್ ಟಕ್‌ವೆಲ್" ಅನ್ನಬೇಕು. ಹೆತ್ತ ಮಗಳಿಂದ ಮಿಸೆಸ್ ಅನ್ನಿಸಿಕೊಳ್ಳುವ ಈ ದೊಡ್ಡಸ್ತಿಕೆಗೆ ಏನು ಹೇಳೋಣ.

"ಒಬ್ಳಿಗೆ ಇಷ್ಟು ಗಂಟೆ ಬಾರಿಸ್ತೀಯಲ್ಲ ಮಾರಾಯ್ತಿ, ನಾಳೆ ದನಗಳೂ ಸೀಟು ಕೇಳ್ಕೊಂಡು ಬರ್ತವೆ ನೋಡು," ಎನ್ನುತ್ತಿದ್ದ ಗಂಡ ಕ್ಲೆಮ್.

ಪಶ್ಚಿಮ ಕ್ವೀನ್ಸ್‌ಲ್ಯಾಂಡಿನಲ್ಲಿ ದನಗಳಿಗೇನು ಬರ, ಅವರವೇ ನಾಲ್ಕು ಸಾವಿರ. ಶಾಲೆಯಿದ್ದ ಪಟ್ಟಣ ಮಾತ್ರ ಮುನ್ನೂರು ಕಿಲೋಮೀಟರ್ ಆಚೆ. ಅಲ್ಲಿಂದ, ಎರಡೂ ಕಡೆಯಿಂದ ಮಾತಾಡಬಹುದಾದ ರೇಡಿಯೊದಲ್ಲಿ ದಿನಕ್ಕೆ ಅರ್ಧ ಗಂಟೆ ಪಾಠ. ಮಿಕ್ಕ ಲೆಕ್ಕ, ಓದು, ವಿಜ್ಞಾನ, ಚರಿತ್ರೆಯೆಲ್ಲ ತಾಯಿಯ ತಲೆಗೆ. ಮಗು ಬರೆದ ಹಾಳೆಗಳ ಕಟ್ಟು ವಾರಕ್ಕೊಮ್ಮೆ ಟಪಾಲು ವಿಮಾನದಲ್ಲಿ ಹೋಗಬೇಕು. ಪಕ್ಕದಲ್ಲಿ ಕೂತವರು ಪೆನ್ಸಿಲ್ ಮುಟ್ಟಕೂಡದೆಂಬ ನಿಯಮ ಆ ಕಡೆಯ ತಾಯಂದಿರಿಗೆಲ್ಲ ಗೊತ್ತಿತ್ತು. ಹಿಂದೆ ಬಿದ್ದ ಮಗುವನ್ನು ಪಟ್ಟಣದ ಹಾಸ್ಟೆಲಿಗೆ ಹಾಕುತ್ತಾರೆಂಬುದೂ ಗೊತ್ತಿತ್ತು. ನೋರೀನಳನ್ನು ಹೆದರಿಸಿದ್ದು ಅದೇ. ಟೆಸ್ ಇಲ್ಲದ ಮನೆಯನ್ನು ಅವಳು ನೆನೆಸಿಕೊಳ್ಳಲೂ ಆರಳು.

ಮೊದಲು ಮಗಳ ಹಾಳೆಯಲ್ಲಿ ಸೊಟ್ಟಗಿದ್ದ ಒಂದು ಐದನ್ನು ಅಳಿಸಿ ನೆಟ್ಟಗೆ ಮಾಡಿದಳು. ಆಮೇಲೆ ಒಂದು ಸಾಲು, ಆಮೇಲೆ ಒಂದು ಪುಟ. ಅಲ್ಲಿಯ ಚಳಿಗಾಲವಾದ ಜೂನಿನ ಹೊತ್ತಿಗೆ ಇಡೀ ಕಟ್ಟೇ ಅವಳದಾಗಿತ್ತು. ಮಗುವಿನ ಅಕ್ಷರದಂತೆ ಕಾಣಲೆಂದು ಈ ಮಹಾತಾಯಿ ಎಡಗೈಯಲ್ಲಿ ಬರೆಯುತ್ತಿದ್ದಳು. ಶಾಲೆಯಿಂದ 'ಭೇಷ್ ಟೆಸ್' ಎಂಬ ಚೀಟಿ ಬಂದರೆ ಮೂವತ್ತಾರರ ಹೆಂಗಸು ಅದನ್ನು ಗೋಡೆಗೆ ಅಂಟಿಸಿ, ರೇಡಿಯೊದಲ್ಲಿ ಸುತ್ತಮುತ್ತಲಿನ ಹೆಂಗಸರಿಗೆಲ್ಲ ಓದಿ ಹೇಳುತ್ತಿದ್ದಳು. ಇಷ್ಟು ವಿಷಯಗಳ ನಡುವೆ ನಾಚಿಕೆಗೆ ಪೀರಿಯಡ್ ಇರಲಿಲ್ಲ. ಅಷ್ಟು ಹೊತ್ತೂ ಟೆಸ್ ಅಪ್ಪನ ಜೊತೆ ದೊಡ್ಡಿಯಲ್ಲಿರುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಪಟ್ಟಣದ ಟೀಚರ್ ಮಿಸ್ ವಿಕರಿ ವರ್ಷದ ಭೇಟಿಗೆ ಬಂದಳು. ಅಂದು ಕರುಗಳನ್ನು ಗೇಟು ದಾಟಿಸುತ್ತಿದ್ದರು. ಟೆಸ್ ಬೇಲಿಯೇರಿ ಕೂತು, ದನಗಾಹಿಗಳು ಎಣಿಸುವ ಹಾಗೇ ಮೂರು ಮೂರಾಗಿ ಎಣಿಸುತ್ತ, ನೂರಾದಾಗಲೆಲ್ಲ ಹಗ್ಗಕ್ಕೊಂದು ಗಂಟು ಹಾಕುತ್ತಿದ್ದಳು.

"ಇನ್ನೂರ ಹದಿನೇಳು," ಅಂದಳು. ಕ್ಲೆಮ್‌ನ ಎಣಿಕೆಯೂ ಅಷ್ಟೇ ಇತ್ತು.

"ಜಾಣೆ ಕಣೇ ನೀನು. ಎಲ್ಲಿ, ಅದನ್ನ ಇದ್ರಲ್ಲಿ ಬರಿ ನೋಡೋಣ," ಎಂದು ಮಿಸ್ ವಿಕರಿ ಪುಸ್ತಕ, ಪೆನ್ಸಿಲ್ ಕೊಟ್ಟಳು.

ಟೆಸ್ ಎರಡನ್ನೂ ಬೇಲಿಯ ಮೇಲಿಂದಲೇ, ಕೆಳಗೆ ನಿಂತಿದ್ದ ತಾಯಿಯತ್ತ ಚಾಚಿದಳು. "ಬರೆಯೋದು ಅಮ್ಮ."

ಕ್ಲೆಮ್ ಬೇರೆ ಕಡೆ ನೋಡಿದ. ಮಿಸ್ ವಿಕರಿ ಪುಸ್ತಕವನ್ನು ವಾಪಸು ತೆಗೆದುಕೊಂಡಳು.

"ಬುದ್ಧಿಗೇನೂ ಕಮ್ಮಿ ಇಲ್ಲ ಇವಳಿಗೆ. ಒಂದಕ್ಷರ ಬರೆಸಿಲ್ವಲ್ರೀ ನೀವು," ಎಂದಳು. "ಮುಂದಿನ ಟರ್ಮ್ ಹಾಸ್ಟೆಲಲ್ಲಿ ಇರ್ಲಿ."

"ಅವಳನ್ನ ಕಳಿಸ್ಬಾರ್ದು ಅಂತ್ಲೇ ನಾನು ಬರೆದಿದ್ದು."

ನೋರೀನ್ ಎಲ್ಲರೆದುರು ಅಳತೊಡಗಿದಳು. ಅಳಲಿ, ಅಳಬೇಕಾದ್ದೇ. ಟೆಸ್ ಬೇಲಿಯಿಂದ ಇಳಿದು ಬಂದು ಅವಳ ಸ್ಕರ್ಟು ಜಗ್ಗಿದಳು.

"ನೀನೂ ಬರ್ತೀಯಲ್ಲಮ್ಮ ಹಾಸ್ಟೆಲ್ಗೆ? ಇಲ್ದಿದ್ರೆ ನನ್ನ ಹಾಳೆ ಯಾರು ಬರೀತಾರೆ?"